ಹುಳದ ಮನೆಗೆ ಹೋದ ಗೋಡೆ ಪುಸ್ತಕಗಳು

ಜಗತ್ತು ಹಾಳಾದ ಮೇಲಿನ ಕಥೆಗಳನ್ನು ಕಂಡರೆ ನನಗೆ ಮೊದಲು ಆಗುತ್ತಿರಲಿಲ್ಲ. ಡಿಸ್ಟೋಪಿಯ ಎನ್ನುತ್ತಾರಲ್ಲ, ಆ ಕಾದಂಬರಿಗಳು. ಮುಂದೆ ಯಾವುದೋ ಕಾಲಕ್ಕೆ ಎಲ್ಲ ಕೆಟ್ಟು, ಉಳಿದ ಒಂದೇ ಊರಿನ ಸುತ್ತ ಗೋಡೆ ಎದ್ದಿರುತ್ತದೆ. ಒಳಗೆ ನಾಲ್ಕು ಜನ ದೊಡ್ಡವರು ಕೂತು ಮಿಕ್ಕವರ ಹಣೆಬರಹ ಬರೆಯುತ್ತಿರುತ್ತಾರೆ. ಹದಿನಾರು ವರ್ಷದ ಹುಡುಗಿಯೊಬ್ಬಳು ಬಂದು ಅದನ್ನೆಲ್ಲ ಬುಡಮೇಲು ಮಾಡುತ್ತಾಳೆ. ನಾನು ರಾಮನಗರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಒಂದು ದಿನ ಬೆಂಚಿನ ಕೆಳಗಿಟ್ಟುಕೊಂಡು ಓದುತ್ತಿದ್ದ ಹುಡುಗಿಯ ಕೈಯಿಂದ ಇಂಥದೊಂದು ಪುಸ್ತಕ ಕಿತ್ತುಕೊಂಡೆ. ಬೈಯುವುದಕ್ಕೆ ಸರಿಯಾದ ಕಾರಣ ಸಿಗಲಿ ಎಂದು ಸ್ಟಾಫ್ ರೂಮಿನಲ್ಲಿ ಕೂತು ಎರಡು ಪುಟ ತಿರುವಿದೆ. ಆಮೇಲೆ ಬೆಲ್ಲು ಹೊಡೆದದ್ದು ಕೇಳಿಸಲಿಲ್ಲ. ಜವಾನ ಬಂದು, ಬಾಗಿಲು ಹಾಕಬೇಕು ಮೇಡಂ ಅಂದಾಗಲೇ ಎದ್ದದ್ದು. ಮರುದಿನ ಪುಸ್ತಕ ವಾಪಸು ಕೊಟ್ಟು, ಇದರ ಎರಡನೇ ಭಾಗ ನಿನ್ನ ಹತ್ತಿರ ಇದೆಯಾ ಎಂದು ಕೇಳಿದೆ. ಆ ಹುಡುಗಿಯ ಮುಖ ನೋಡಬೇಕಿತ್ತು.

ಈ ಹುಚ್ಚಿಗೆ ನನಗೆ ಸಿಕ್ಕ ಜೊತೆ ನನ್ನ ತಮ್ಮನ ಮಗಳು. ನನ್ನ ತವರು ಹೊಂಗನೂರು. ತಮ್ಮ ಅಲ್ಲೇ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾನೆ, ಅವ್ವ ಅವನ ಜೊತೆಗಿದ್ದಾಳೆ. ಹುಡುಗಿ ದಿನಾ ಬಸ್ಸಿನಲ್ಲಿ ಚನ್ನಪಟ್ಟಣದ ಸ್ಕೂಲಿಗೆ ಹೋಗಿ ಬರುತ್ತಿದ್ದಳು. ಅವಳ ಓದೆಲ್ಲ ಬಸ್ಸಿನಲ್ಲೇ. ನಾನು ಕೊಟ್ಟ ಪ್ರತಿ ಕಥೆಯಲ್ಲೂ ಎಲ್ಲೋ ಒಂದು ಕಡೆ ಗೋಡೆ ಬರುತ್ತದೆಂದು ಇವಕ್ಕೆ ‘ಗೋಡೆ ಪುಸ್ತಕ’ ಎಂದು ಹೆಸರಿಟ್ಟವಳು ಅವಳೇ. ಅಳೆಯುವ ಕೋಲೂ ಅವಳದೇ. ಕಂಡಕ್ಟರು ಟಿಕೆಟ್ ಹರಿಯುವುದರೊಳಗೆ ನಿದ್ದೆ ಬಂದರೆ ಅದು ದಂಡ. ದಾರಿಯುದ್ದಕ್ಕೂ ಓದಿಸಿಕೊಂಡರೆ ಪರವಾಗಿಲ್ಲ. ಇಳಿಯುವ ಜಾಗವನ್ನೇ ಮರೆಸಿಬಿಟ್ಟರೆ ಅದು ‘ಸ್ಟಾಪು ತಪ್ಪಿಸಿದ ಪುಸ್ತಕ’, ಅದಕ್ಕಿಂತ ಮೇಲೆ ಇನ್ನೊಂದಿಲ್ಲ. ಹಾಗೆ ಅವಳು ಸ್ಟಾಪು ಬಿಟ್ಟು ಮುಂದೆ ಹೋಗಿದ್ದು ಮೂರೇ ಸಲ. ಅದರಲ್ಲಿ ಒಂದಕ್ಕೆ ಆ ಯೋಗ್ಯತೆ ಖಂಡಿತ ಇರಲಿಲ್ಲ ಎಂದು ನಾನು ಫೋನಿನಲ್ಲಿ ಒಂದು ವಾರ ಜಗಳ ಆಡಿದ್ದೇನೆ. ಕಥೆಯ ವಿಷಯದಲ್ಲಿ ನಾನು ಯಾರಿಗೂ ಸೋಲುವವಳಲ್ಲ, ಅವಳೂ ನನ್ನ ಸೋದರ ಸೊಸೆಯೇ ತಾನೆ!

ಅಂಥವಳು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಫೇಲಾದಳು. ಮಿಕ್ಕ ಎಲ್ಲದರಲ್ಲೂ ಒಳ್ಳೆಯ ಮಾರ್ಕ್ಸು, ಲೆಕ್ಕ ಒಂದು ಕೈಕೊಟ್ಟಿತು. ಈಗ ಎರಡನೇ ಸಲ ಬರೆಯುವ ಅವಕಾಶ ಅದೇ ಬೇಸಿಗೆಯಲ್ಲೇ ಇದೆ. ಸ್ಕೂಲಿಗೆ ಹೋಗಿ ಒಂದು ಫಾರಂ ತುಂಬಿ ಬಂದರೆ ಆಯಿತು. ಆದರೆ ಅವಳು ಬರೆಯುವುದೇ ಇಲ್ಲ ಎಂದುಬಿಟ್ಟಿದ್ದಳು. ಫೋನು ಆಫ್ ಮಾಡಿ ಅಜ್ಜಿಯ ಟ್ರಂಕಿನಲ್ಲಿ ಹಾಕಿದ್ದಳು. ‘ನಾವು ಮಾತಾಡಿದ್ರೆ ಎದ್ದೋಯ್ತಾಳೆ, ನೀನಾರ ಬಂದು ಒಸಿ ಯೋಳಕ್ಕ’ ಎಂದು ತಮ್ಮ ಫೋನ್ ಮಾಡಿದಾಗ ಫಾರಂ ತುಂಬಲು ಹತ್ತು ದಿನ ಉಳಿದಿತ್ತು. ಆ ಹತ್ತು ದಿನ ಕಳೆದರೆ ಈ ಹುಡುಗಿ ಸ್ಕೂಲಿನ ಕಡೆ ಮತ್ತೆ ತಲೆಹಾಕುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇಲ್ಲಿ ಒಂದು ಮಾತು ಒಪ್ಪಿಸಿಬಿಡುತ್ತೇನೆ. ನಾನೂ ಹತ್ತನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದವಳು. ಅದೂ ಇಂಗ್ಲಿಷಿನಲ್ಲಿ! ಇದು ನನ್ನ ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ, ಸೋದರ ಸೊಸೆಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವ್ವನಿಗೆ, ತಮ್ಮನಿಗೆ. ಊರಿನವರು ಯಾವಾಗಲೋ ಮರೆತಿದ್ದರು. ಆ ವರ್ಷ ರಿಸಲ್ಟು ಬಂದ ಮರುದಿನವೇ ಅವ್ವ ನನ್ನನ್ನು ಹುಳದ ಮನೆಗೆ ಹಾಕಿದಳು. ಸೊಪ್ಪು ಹೆಚ್ಚು, ಹಿಕ್ಕೆ ತೆಗೆ, ತಟ್ಟೆ ತೊಳೆ. ಮತ್ತೆ ಪರೀಕ್ಷೆ ಕಟ್ಟುವವರೆಗೂ ಅಲ್ಲಿಂದ ಆಚೆ ಬಿಡಲಿಲ್ಲ. ಓದು ಹತ್ತಲಿಲ್ಲ, ಇನ್ನು ಕೂಲಿಯಾಳಿನ ಹಾಗೆ ಗೇಯಲಿ ಎಂದು ಅವ್ವ ತೀರ್ಮಾನ ಮಾಡಿದ್ದಾಳೆಂದು ನಾನು ತಿಳಿದೆ. ಆ ಸಿಟ್ಟಿನಲ್ಲೇ ಓದಿದೆ, ಆ ಸಿಟ್ಟಿನಲ್ಲೇ ಇಂಗ್ಲಿಷ್ ಮೇಡಂ ಆದೆ. ಅವ್ವನ ಹತ್ತಿರ ಇದನ್ನು ಒಂದು ದಿನವೂ ಬಾಯಿಬಿಟ್ಟು ಕೇಳಿದವಳಲ್ಲ. ಸಿಟ್ಟನ್ನು ಮಾತ್ರ ಒಳ್ಳೇ ಸೀರೆಯ ಹಾಗೆ ಮಡಿಚಿಟ್ಟುಕೊಂಡಿದ್ದೆ.

ಹಾಗಿದ್ದ ಮೇಲೆ ಹುಡುಗಿಗೆ ನನ್ನ ಕಥೆಯನ್ನೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾಚಿಕೆ. ಪುಸ್ತಕ ಕೊಡುವುದು ಸುಲಭ. ಬೀರು ಮುಂದೆ ಚಾಪೆ ಹಾಸಿಕೊಂಡು ಕೂತು ಒಂದು ಬೆಳಗೆಲ್ಲ ಆರಿಸಿ ಮೂರು ತೆಗೆದೆ.

ಮೊದಲನೆಯದು ದಪ್ಪ ಪುಸ್ತಕ. ಅದರ ಊರಿನಲ್ಲಿ ಹದಿನಾರಕ್ಕೆ ಎಲ್ಲರೂ ಒಂದು ಪರೀಕ್ಷೆ ಬರೆಯಬೇಕು, ಫೇಲಾದವರನ್ನು ಗೋಡೆಯ ಸಣ್ಣ ಬಾಗಿಲಿನಿಂದ ಆಚೆ ಕಳಿಸುತ್ತಾರೆ. ನಾಯಕಿ ಫೇಲಾಗುತ್ತಾಳೆ, ಕೊನೆಗೆ ಅವಳೇ ಬಂದು ಊರು ಗೆಲ್ಲುತ್ತಾಳೆ. ಓಟವೆಂದರೆ ಇದರದು. ಇದೇ ಔಷಧಿ ಅನ್ನಿಸಿ ಮೇಲಿಟ್ಟೆ. ಎರಡನೆಯದರಲ್ಲಿ ಬೀಜಗಳೆಲ್ಲ ಸರ್ಕಾರದ ವಶ. ಮನೆಯಲ್ಲಿ ಏನನ್ನು ಬೆಳೆದರೂ ಜೈಲು. ಅಕ್ಕ ತಂಗಿ ಇಬ್ಬರು ಹಳೇ ಬೂಟಿನೊಳಗೆ ಮಣ್ಣು ತುಂಬಿ ಒಂದು ಕಾಳು ಹಾಕುತ್ತಾರೆ. ಕಥೆ ಜಾಳು, ಆದರೆ ಆ ಬಳ್ಳಿ ಚಿಗುರುವ ನಾಲ್ಕು ಪುಟಕ್ಕೆ ಪುಸ್ತಕವನ್ನೇ ಕ್ಷಮಿಸಬಹುದು. ಮೂರನೆಯದು ತೆಳು. ಅರವತ್ತು ದಾಟಿದವರಿಗೆ ಊರಿನಲ್ಲಿ ಜಾಗವಿಲ್ಲ. ಮೊಮ್ಮಕ್ಕಳು ಅಜ್ಜಿಯನ್ನು ಅಟ್ಟದ ಮೇಲೆ ಬಚ್ಚಿಡುತ್ತಾರೆ. ಅಂಥದ್ದೇನೂ ನಡೆಯುವುದಿಲ್ಲ, ಅಜ್ಜಿ ಕೆಮ್ಮಿದರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ, ಅಷ್ಟೆ. ನನಗೆ ಮೂರರಲ್ಲಿ ಇದೇ ಹೆಚ್ಚು ಇಷ್ಟ. ಹದಿನಾರರ ಹುಡುಗಿಗೆ ಬೋರಾಗಬಹುದೆಂದು ತಳದಲ್ಲಿಟ್ಟೆ.

ಭಾನುವಾರ ಹೊಂಗನೂರಿನಲ್ಲಿ ಇಳಿದು ಮನೆ ಸೇರಿದರೆ ಜಗಲಿಯ ಮೇಲೆ ಕನಕಪುರದ ಕಡೆಯ ನೆಂಟರೊಬ್ಬರು ಕಾಫಿ ಕುಡಿಯುತ್ತಾ ಕೂತಿದ್ದರು. ತಮ್ಮ ಮಗನ ಮಾರ್ಕ್ಸನ್ನು ಸಬ್ಜೆಕ್ಟುವಾರು ಒಪ್ಪಿಸಿ, ‘ಎಲ್ಲಿ ನಿಮ್ಮುಡುಗಿ? ಕರೀರಿ, ಎಷ್ಟು ಬಂತು ಕೇಳವ’ ಅಂದರು. ಅವ್ವ ಕೂತಲ್ಲಿಂದ ಅಲುಗಲಿಲ್ಲ. ‘ಹುಳದ ಮನೇಲವ್ಳೆ ಕಣಪ್ಪ. ಈಗ ಬುಟ್ಟು ಬರಂಗಿಲ್ಲ. ನೀನೂ ಅತ್ತಾಗೆ ಹೋಗಂಗಿಲ್ಲ’ ಅಂದಳು. ಅವರಿಗೆ ಅದು ಹೊಸದೇನಲ್ಲ. ರೇಷ್ಮೆ ಸಾಕುವ ಯಾವ ಮನೆಯಲ್ಲೂ ಹೊರಗಿನವರನ್ನು ಹುಳದ ಮನೆಗೆ ಬಿಡುವುದಿಲ್ಲ, ರೋಗ ತಗಲುತ್ತದೆಂದು. ಮನೆಯವರೂ ಕಾಲು ತೊಳೆದು, ಬ್ಲೀಚಿಂಗ್ ಪೌಡರ್ ತುಳಿದೇ ಒಳಗೆ ಹೋಗಬೇಕು. ನೆಂಟರು ಕಾಫಿ ಮುಗಿಸಿ ಎದ್ದು ಹೋದರು. ನನಗೆ ಮಾತ್ರ ಮೈ ಉರಿಯಿತು. ಮೊಮ್ಮಗಳನ್ನೂ ಅಲ್ಲಿಗೇ ಹಾಕಿದಳಲ್ಲ ಎಂದು.

ಕಾಲು ತೊಳೆದು ಹುಳದ ಮನೆಯ ಹೊಸ್ತಿಲಿಗೆ ಬಂದೆನೋ ಇಲ್ಲವೋ ಅವ್ವ ಹಿಂದಿನಿಂದ ಬಂದು ನನ್ನ ಚೀಲ ಹಿಡಿದಳು. ಒಂದು ಪುಸ್ತಕ ತೆಗೆದು ಮೂಸಿದಳು.

‘ಏನ್ಮೆ ಇದು, ನುಸಿಗುಳಿಗೆ ವಾಸ್ನೆ! ಒಳಕ್ಕೆ ತಕಂಡೋಗಿ ಹುಳನೆಲ್ಲ ಕೊಲ್ಲಬೇಕು ಅಂತಿದ್ದೀಯಾ? ರೈತರ ಮನೇಲಿ ಹುಟ್ಟಿದ್ದು ಮರ್ತ್‌ಬುಟ್ಯಾ?’

ನಿಜಕ್ಕೂ ಮರೆತಿದ್ದೆ. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಮುಂದೆಯೇ ದಿನಾ ಓಡಾಡುವ ನಾನು, ಹುಳಕ್ಕೆ ಕಟುವಾಸನೆ ಆಗುವುದಿಲ್ಲವೆಂದು ಚಿಕ್ಕಂದಿನಿಂದ ಬಲ್ಲ ನಾನು, ಬೀರುವಿನ ನುಸಿಗುಳಿಗೆ ಸಮೇತ ಬಂದಿದ್ದೆ. ಚೀಲ ಅವ್ವನ ಕೈಗೆ ಬಿಟ್ಟು ಹುಡುಗಿಯನ್ನು ಕಾಣದೆಯೇ ವಾಪಸಾದೆ. ಜಗತ್ತನ್ನು ಉಳಿಸುವ ಮೂರು ಕಾದಂಬರಿಗಳು ಎರಡು ದಿನ ಜಗಲಿಯ ಬಿಸಿಲಿನಲ್ಲಿ ಸಂಡಿಗೆಯ ಹಾಗೆ ಬಿದ್ದಿದ್ದವಂತೆ. ಅವ್ವ ಒಂದೊಂದು ಹಾಳೆಯನ್ನೂ ಬೀಸಿ ಬೀಸಿ, ಮೂಸಿ ನೋಡಿ, ಆಮೇಲೆ ಒಳಗೆ ಬಿಟ್ಟಳಂತೆ. ನನ್ನ ಪುಸ್ತಕಗಳಿಗೆ ಇಷ್ಟು ಗಮನ ಕೊಟ್ಟವರು ಇನ್ನೊಬ್ಬರಿಲ್ಲ.

ಮುಂದಿನ ಭಾನುವಾರ ಹೋದಾಗ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳ ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತವೆ, ಸೊಪ್ಪು ಮುಟ್ಟುವುದಿಲ್ಲ. ಎಲ್ಲವೂ ಎದ್ದ ಮೇಲೆಯೇ ಮತ್ತೆ ಸೊಪ್ಪು ಹಾಕುವುದು. ಅಷ್ಟು ಹೊತ್ತು ಮನೆಯವರಿಗೆ ಬಿಡುವು. ಫಾರಂ ತುಂಬಲು ಮಾರನೆಯ ದಿನವೇ ಕೊನೆ. ಸುಣ್ಣ ಉದುರಿಸಿದ ಸ್ಟ್ಯಾಂಡುಗಳ ನಡುವೆ ಗೋಣಿಚೀಲ ಹಾಸಿಕೊಂಡು ಅಜ್ಜಿ ಮೊಮ್ಮಗಳು ಗೋಡೆಗೆ ಒರಗಿ ಕೂತಿದ್ದರು. ಹುಡುಗಿ ಕುಗ್ಗಿದ್ದಳು. ಆದರೆ ಅಜ್ಜಿಗೆ ಅಟ್ಟದ ಅಜ್ಜಿಯ ಕಥೆ ಹೇಳುತ್ತಿದ್ದಳು, ಮೂರು ವಾರದಲ್ಲಿ ಅವಳು ಬಾಯಿ ಬಿಟ್ಟಿದ್ದು ಅದೇ ಮೊದಲಂತೆ. ನಾನು ಸದ್ದಿಲ್ಲದೆ ಹೋಗಿ ಪಕ್ಕದಲ್ಲಿ ಕೂತೆ.

ಅವ್ವನಂಥ ವಿಮರ್ಶಕಿಯನ್ನು ನಾನು ಕಂಡಿಲ್ಲ. ಬೀಜದ ಕಥೆ ಕೇಳಿ, ‘ಬೀಜನೆಲ್ಲ ಒಂದೇ ಕಡೆ ಮಡಿಕಂಡವ್ರೆ ಅಂತೀಯಾ, ಬೂದಿಗೀದಿ ಹಾಕವ್ರಾ? ಇಲ್ದಿದ್ರೆ ಹುಳ ಹಿಡಿದು ಆ ಸರ್ಕಾರನೇ ಬಿದ್ದೋಯ್ತದೆ ಬುಡು, ನಿನ್ನ ಹುಡ್ಗೀರು ಯಾಕೆ ಒದ್ದಾಡಬೇಕು’ ಅಂದಳು. ಅಟ್ಟದ ಅಜ್ಜಿಯ ಬಗ್ಗೆ ಅವಳಿಗೆ ನಿಜವಾದ ಚಿಂತೆ ಹತ್ತಿತ್ತು. ‘ಎಲೆ ಅಡಿಕೆ ಯಾರು ತಂದ್ಕೊಡ್ತಾರೆ ಅವ್ಳಿಗೆ? ಕಾಲು ನೀಡಕೆ ಜಾಗ ಐತಾ?’ ಅದು ಪುಸ್ತಕದಲ್ಲಿಲ್ಲ ಅಜ್ಜಿ ಎಂದು ಹುಡುಗಿ ಹೇಳಿದರೆ, ‘ಬರ್ದೋನು ಅಟ್ಟ ಹತ್ತಿಲ್ಲ ಹಂಗಾರೆ’ ಎಂದು ಮುಗಿಸಿದಳು. ಪರೀಕ್ಷೆಯ ಊರಿನ ಕಥೆಗೆ ಒಂದೇ ಪ್ರಶ್ನೆ ಕೇಳಿದಳು. ‘ಆ ಗೋಡೆ ಯಾಕೆ ಕಟ್ಟವ್ರೆ? ಒಳಗಿರೋರು ಆಚಿಗೆ ಹೋಗ್ಬಾರ್ದು ಅಂತ್ಲೋ, ಆಚೆ ಇರೋರು ಒಳಕ್ಕೆ ಬರ್ಬಾರ್ದು ಅಂತ್ಲೋ?’

ನನಗೆ ಬೇಕಿದ್ದದ್ದು ಬೇರೆ. ‘ಆ ದಪ್ಪ ಪುಸ್ತಕ ಹೆಂಗಿತ್ತು?’ ಎಂದು ಕೇಳಿದೆ, ಏನೂ ಗೊತ್ತಿಲ್ಲದವಳ ಹಾಗೆ.

‘ಅರ್ಧಕ್ಕೆ ಬಿಟ್ಟೆ’ ಅಂದಳು.

‘ಅಯ್ಯೋ, ಆಮೇಲೇ ಇರೋದು ಕಣೇ! ಫೇಲಾದ ಮೇಲೇ ಅವಳು...’

‘ಗೊತ್ತು ಅತ್ತೆ. ಕೊನೇ ಪುಟ ನೋಡ್ದೆ.’ ಅವಳು ಗೋಣಿಚೀಲದ ದಾರ ಎಳೆಯುತ್ತಾ ಕೂತಳು. ‘ಅವ್ಳು ನಿಜವಾಗ್ಲೂ ಫೇಲಾಗಿರಲ್ಲ. ಅವಳ ತಲೆ ಆ ಪರೀಕ್ಷೆಗಿಂತ ದೊಡ್ಡದಂತೆ, ಅದಕ್ಕೇ ಅವರಿಗೆ ಅರ್ಥ ಆಗಿರಲ್ಲ. ಈ ಎಲ್ಲ ಪುಸ್ತಕದಲ್ಲೂ ಹಿಂಗೇ. ಫೇಲಾದೋಳಿಗೆ ಏನೋ ಒಂದು ಶಕ್ತಿ ಇರ್ತದೆ. ನಂಗೆ ಅಂಥದ್ದೇನಿಲ್ಲ ಅತ್ತೆ. ನಂಗೆ ಲೆಕ್ಕ ಬರಲ್ಲ, ಅಷ್ಟೇ. ಸುಮ್ನೆ ಫೇಲಾದೋರ ಪುಸ್ತಕ ಒಂದೂ ಇಲ್ಲ ನಿಮ್ಮತ್ರ.’

ಅವಳು ಹೇಳಿದ್ದು ಸರಿ, ಅದಕ್ಕೇ ಸಿಟ್ಟು ಬಂತು. ನನಗೆ ಹಾಗೆಯೇ, ನನ್ನ ತಪ್ಪು ಕಂಡ ಕೂಡಲೇ ಹತ್ತಿರ ಸಿಕ್ಕವರ ಮೇಲೆ ಹಾಯುತ್ತೇನೆ. ಹತ್ತಿರ ಇದ್ದದ್ದು ಅವ್ವ.

‘ಇನ್ನೇನು ಮಾಡ್ತಾಳೆ ಅವ್ಳು! ಫೇಲಾಗಿದ್ದೇ ತಡ ತಂದು ಇಲ್ಲಿಗೆ ಹಾಕ್ದೆ. ಸೊಪ್ಪು ಹಾಕು, ಹಿಕ್ಕೆ ಬಳಿ. ನಂಗೂ ಹಿಂಗೇ ಮಾಡ್ದೆ. ಫೇಲಾದೋರಿಗೆಲ್ಲ ನಿನ್ನತ್ರ ಇದೊಂದೇ ಶಿಕ್ಷೆ ಇರೋದು!’

ಅಷ್ಟಂದ ಮೇಲೆ ನನಗೆ ಕೇಳಿಸಿತು, ನಾನು ಏನಂದೆ ಎಂದು. ಹುಡುಗಿ ದಾರ ಎಳೆಯುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

ಅವ್ವನೂ ನೋಡಿದಳು. ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ‘ಶಿಕ್ಷೆನಾ? ಯಾರಿಗ್ಮೆ ಶಿಕ್ಷೆ?’ ಅಂದಳು. ‘ನೀನು ಫೇಲಾದಾಗ ದಿನಾ ಒಬ್ಬೊಬ್ರು ಜಗಲಿಗೆ ಬರೋರು. ನಿಮ್ಮ ದೊಡ್ಡಪ್ಪ ಬಂದ, ಗುಡೇಮಾರನಹಳ್ಳಿ ನೆಂಟ್ರು ಬಂದ್ರು. ಎಲ್ಲೈತೆ ಹುಡ್ಗಿ, ಎಷ್ಟು ಬಂತು, ಯಾಕಂಗಾಯ್ತು. ನೀನು ಕ್ವಾಣೆಲಿ ಬೋರಲು ಬಿದ್ಕಂಡು ಅಳೋಳು, ಕ್ವಾಣೆಗೂ ನುಗ್ಗೋರು. ನಾನೊಬ್ಳು ಎಷ್ಟು ಜನದ ಬಾಯಿ ಮುಚ್ಚಲಿ? ಹುಳದ ಮನೆಗಾದ್ರೆ ಯಾರೂ ಬರಂಗಿಲ್ವಲ್ಲ. ಬಾ ಅಂದ್ರೂ ಬರಕಿಲ್ಲ. ಅದ್ಕೇ ಮಡಗ್ದೆ. ಸುಮ್ನೆ ಕೂತ್ರೆ ಇನ್ನಷ್ಟು ಅಳ್ತೀಯ ಅಂತ ಕೈಗೆ ಸೊಪ್ಪು ಕೊಟ್ಟೆ. ಗೆಯ್ಯಕೆ ಆಳಿರ್ಲಿಲ್ವಾ ನಮ್ಮನೇಲಿ?’

ನಾನು ಹುಡುಗಿಯ ಕಡೆ ತಿರುಗಿದೆ.

‘ಇವ್ಳಿಗೂ ಅದ್ಕೇ. ಮೊನ್ನೆ ಕನಕಪುರದೋನು ಬಂದಿದ್ನಲ್ಲ, ನೀನೇ ಕಂಡಲ್ಲ’ ಎಂದು ಹೇಳಿ ಅವ್ವ ಎದ್ದು, ಸ್ಟ್ಯಾಂಡಿನ ಮೇಲೆ ಬಗ್ಗಿ ಹುಳ ಎದ್ದವೋ ಇಲ್ಲವೋ ನೋಡತೊಡಗಿದಳು.

ಮೂವತ್ತು ವರ್ಷಕ್ಕೂ ಮೇಲಿನ ಸಿಟ್ಟು. ಅದರ ಮೇಲೆಯೇ ನಾನು ಬಿ.ಎ. ಮಾಡಿದ್ದೆ, ಬಿ.ಎಡ್. ಮಾಡಿದ್ದೆ. ಗೋಡೆಯ ಕಥೆಗಳನ್ನು ಅಷ್ಟೊಂದು ಓದಿ, ಯಾವುದು ಮೇಲು ಯಾವುದು ಕೀಳು ಎಂದು ತೂಗಿ ನೋಡಿದವಳಿಗೆ ನನ್ನ ಅವ್ವ ಕಟ್ಟಿದ ಗೋಡೆ ಯಾವ ಕಡೆಯವರನ್ನು ತಡೆಯಲು ಎಂದು ಗೊತ್ತಾಗಿರಲಿಲ್ಲ. ಎದ್ದು ಹೋಗಿ ಅವಳ ಕಾಲು ಹಿಡಿಯಬೇಕೆನ್ನಿಸಿತು. ಹಿಡಿದಿದ್ದರೆ ಹುಳದ ಮನೆಯಲ್ಲಿ ಇದೇನು ನಾಟಕ ಎಂದು ಬೈಯುತ್ತಿದ್ದಳು. ಪಕ್ಕದಲ್ಲಿ ಹೋಗಿ ನಿಂತೆ. ಅವಳು ಸೆರಗಿನ ತುದಿಯಿಂದ ನನ್ನ ಮುಖ ಒರೆಸಿ, ‘ಮೊಕದ ಮ್ಯಾಲೆ ಸುಣ್ಣ’ ಅಂದಳು. ಸುಣ್ಣ ಇತ್ತೋ ಇಲ್ಲವೋ.

ಹಿಂದಿನಿಂದ ಹುಡುಗಿಯ ದನಿ ಬಂತು. ‘ಅತ್ತೆ, ನೀವು ಫೇಲಾ?’

‘ಹೂಂ.’

‘ಯಾವುದ್ರಲ್ಲಿ?’

ನಾನು ಅವ್ವನ ಮುಖ ನೋಡಿದೆ. ಅವ್ವ ಹುಳದ ಮುಖ ನೋಡುತ್ತಿದ್ದಳು. ‘ಇಂಗ್ಲಿಷಲ್ಲಿ’ ಅಂದೆ.

ಆಗ ಅವಳು ನಕ್ಕಳು ನೋಡಿ! ಗೋಣಿಚೀಲದ ಮೇಲೆ ಉರುಳಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಇಂಗ್ಲಿಷಾ, ಇಂಗ್ಲಿಷಾ ಎಂದು ಮತ್ತೆ ಮತ್ತೆ ಕೇಳಿ ನಕ್ಕಳು. ನನಗೆ ಅವಮಾನವಾಗಬೇಕಿತ್ತು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ, ಇನ್ನೂ ನಗಲಿ ಎನ್ನಿಸಿತು. ‘ಮೆಲ್ಲುಕೆ ಕಣಮ್ಮಿ, ಹುಳ ಏಳ್ತಾವೆ’ ಎಂದು ಅವ್ವ ಗದರಿದಳು, ಅವಳ ಬಾಯಲ್ಲೂ ನಗು ಇತ್ತು.

ಬೆಳಿಗ್ಗೆ ನಾನು ರಾಮನಗರಕ್ಕೆ ಹೊರಟಾಗ ಹುಡುಗಿ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ಸ್ಕೂಲತ್ರ ಇಳೀತೀನಿ. ಫಾರಂ ತುಂಬ್ತೀನಿ ಅಂತ ಹೇಳ್ತಿಲ್ಲ, ನೋಡ್ತೀನಿ’ ಅಂದಳು. ಒಂದು ಮಾತು ಹೆಚ್ಚಾಗಿ ಕೆಟ್ಟೀತೆಂದು ಬಾಯಿ ಬಿಗಿ ಹಿಡಿದು ಬಸ್ಸು ಹತ್ತಿದೆ. ಇಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು, ಕಿಟಕಿಯ ಪಕ್ಕ ಅವಳು ಕೂತಳು. ಅವಳ ತೊಡೆಯ ಮೇಲೆ ಅಟ್ಟದ ಅಜ್ಜಿಯ ಪುಸ್ತಕವಿತ್ತು. ತೆರೆಯಲಿಲ್ಲ.

‘ಅದನ್ನ ಪೂರ್ತಿ ಹೇಳಿ’ ಅಂದಳು.

‘ಯಾವುದನ್ನ?’

‘ನೀವು ಫೇಲಾದ ಕಥೆ. ರಿಸಲ್ಟ್ ನೋಡಿದ್ದು ಎಲ್ಲಿ, ಅಲ್ಲಿಂದ ಹೇಳಿ.’

ಹೇಳಿದೆ. ಸ್ಕೂಲಿನ ನೋಟಿಸ್ ಬೋರ್ಡಿನ ಮುಂದೆ ನಂಬರು ಹುಡುಕಿದ್ದು, ಸಿಗದೆ ಹೋದಾಗ ಪಕ್ಕದವಳ ನಂಬರನ್ನೇ ನನ್ನದೆಂದು ಸ್ವಲ್ಪ ಹೊತ್ತು ನಂಬಿದ್ದು, ಬಸ್ಸು ಹತ್ತದೆ ಊರಿಗೆ ನಡೆದೇ ಬಂದದ್ದು. ಹುಳದ ಮನೆಯ ಕಿಟಕಿಯ ಹಲಗೆಯ ಮೇಲೆ ಅವ್ವನಿಗೆ ಕಾಣದ ಹಾಗೆ ಇಂಗ್ಲಿಷ್ ಗ್ರಾಮರ್ ಇಟ್ಟುಕೊಂಡು ಓದಿದ್ದು. ಅಲ್ಲಿ ಬಾಯಿಗೆ ಬಂದದ್ದನ್ನು ನಿಲ್ಲಿಸಿ ಒಂದು ನಿಮಿಷ ಯೋಚಿಸಿದೆ. ಆ ಹಲಗೆ ಮೊದಲು ಅಲ್ಲಿರಲಿಲ್ಲ. ನಾನು ಹುಳದ ಮನೆಗೆ ಹೋದ ವಾರವೇ ಯಾರೋ ಹೊಡೆದಿದ್ದರು, ಪುಸ್ತಕ ಇಡುವಷ್ಟೇ ಅಗಲಕ್ಕೆ. ಅದನ್ನೂ ಹುಡುಗಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

‘ಎರಡನೇ ಸಲ ಎಷ್ಟು ಬಂತು?’

‘ಪಾಸಾಗೋಕೆ ಎಷ್ಟು ಬೇಕೋ ಅಷ್ಟು. ಒಂದೂ ಜಾಸ್ತಿ ಇಲ್ಲ.’

‘ಶಕ್ತಿ ಗಿಕ್ತಿ?’

‘ಏನೂ ಇರ್ಲಿಲ್ಲ ಕಣೇ.’

ಅವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ ನಿಧಾನಕ್ಕೆ, ‘ಇದನ್ನ ಮೊದಲೇ ಕೊಡಬೇಕಿತ್ತು ಅತ್ತೆ. ಆ ದಪ್ಪ ಪುಸ್ತಕಕ್ಕಿಂತ ಮುಂಚೆ’ ಅಂದಳು.

ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಬಸ್ಸು ತಿರುಗಿ ನಿಂತಿತು. ಮುಂದಿನವರೆಲ್ಲ ಚೀಲ ಎತ್ತಿಕೊಂಡು ಎದ್ದರು. ನೋಡಿದರೆ ಚನ್ನಪಟ್ಟಣದ ಬಸ್ ಸ್ಟ್ಯಾಂಡು. ಅವಳ ಸ್ಕೂಲಿನ ಸ್ಟಾಪು ಯಾವಾಗಲೋ ಹಿಂದೆ ಉಳಿದಿತ್ತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳೇ ಮೊದಲು ಇಳಿದಳು. ಇಳಿದವಳು ನನಗಾಗಿ ಕಾಯದೆ, ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಸ್ಕೂಲಿನ ಕಡೆಗೆ ವಾಪಸು ನಡೆಯತೊಡಗಿದಳು.